ಕಡಲ ಮೇಲಿನ ಶೈತ್ಯ

1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರ ಪರಿಶ್ರಮದಿಂದ ಇನ್ಸುಲಿನ್ ಲಭಿಸಿ, ಮೃತ್ಯುಮುಖದಿಂದ ಮರಳಿದ ಮಧುಮೇಹಿಗಳು ಸಮುದ್ರಯಾನದ ಆಸೆಯನ್ನು ತಾಳಬಹುದಾದ ವೇಳೆಗೆ, ಆ ಔಷಧವನ್ನು ಕಾಪಾಡಬಲ್ಲ ಶೈತ್ಯವು ಹಡಗುಗಳಲ್ಲಿ ಅದಾಗಲೇ ಸಿದ್ಧವಾಗಿದ್ದಿತು; ಅದು ರೋಗಿಗಳ ಮೇಲಣ ಕರುಣೆಯಿಂದಲ್ಲದೆ ವಾಣಿಜ್ಯದ ಲಾಭಾಕಾಂಕ್ಷೆಯಿಂದ ಹುಟ್ಟಿತೆಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

1833ರಲ್ಲಿ ಬಾಸ್ಟನ್ನಿನ ವರ್ತಕ ಫ್ರೆಡೆರಿಕ್ ಟ್ಯೂಡರನು, ಚಳಿಗಾಲದಲ್ಲಿ ಕೊಯ್ದ ಸುಮಾರು 180 ಟನ್ ಮಂಜುಗಡ್ಡೆಯನ್ನು 'ಟಸ್ಕನಿ' ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಲು, ನಾಲ್ಕು ತಿಂಗಳ ಯಾನದಲ್ಲಿ ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿಯೂ ಅದರಲ್ಲಿ ಸುಮಾರು 100 ಟನ್ ಕರಗದೆ ಉಳಿಯಿತು. ಯಂತ್ರದ ಶೈತ್ಯವು ಬಂದುದು ತರುವಾಯ: 1882ರಲ್ಲಿ 'ಡನೀಡಿನ್' ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ 98 ದಿನಗಳ ಕಾಲ ಕುರಿಮಾಂಸವನ್ನು ಹೆಪ್ಪುಗಟ್ಟಿಸಿ ಒಯ್ಯುತ್ತಿದ್ದಾಗ, ಶೀತವಾಯುವಿನ ಮಾರ್ಗವನ್ನು ಸರಿಪಡಿಸಲೆಂದು ಒಳಹೊಕ್ಕ ಕಪ್ತಾನ ವಿಟ್ಸನ್ ತಾನೇ ಮರಗಟ್ಟಿ ಸಾಯುವುದರಲ್ಲಿದ್ದನಂತೆ!

ಇನ್ಸುಲಿನ್ನಿಗಾದರೋ ಅಂಥ ಉಗ್ರಶೈತ್ಯವು ಒಗ್ಗದು. 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ಮಂದಶೀತವೇ ಅದಕ್ಕೆ ಹಿತ. ಆದುದರಿಂದ ಹಡಗಿನ ಮಾಂಸದ ಕೋಠಿಗೆ ಅದನ್ನು ಒಪ್ಪಿಸುವುದು ಬಿಸಿಲಿಗಿಡುವಷ್ಟೇ ಅವಿವೇಕ; ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಬಳಿಕವೂ ಬಳಕೆಗೆ ಯೋಗ್ಯವಲ್ಲ.