ಬುಡಬುಡಿಕೆ ಆಕಾರದ ಆಂಟೆನಾ ನೂರು ವರ್ಷ ಕಾದ ಕಥೆ

ಮಾಳಿಗೆ ಹತ್ತಿ ದೂರದರ್ಶನದ ಆಂಟೆನಾ ತಿರುಗಿಸಿದ್ದು ನಿಮಗೂ ನೆನಪಿರಬಹುದು. ಕೆಳಗಿನಿಂದ "ಬಂತು, ಬಂತು... ಅಯ್ಯೋ, ಹೋಯ್ತು" ಎಂಬ ಕೂಗು. ಆ ಕಡ್ಡಿಗಳನ್ನು ಮನಸ್ಸಿಗೆ ಬಂದಂತೆ ಕತ್ತರಿಸಿದ್ದಲ್ಲ. ಚಾನೆಲ್ಲಿನ ಅಲೆ ಎಷ್ಟು ಉದ್ದವೋ ಸುಮಾರು ಅದರ ಅರ್ಧಕ್ಕೆ ಅಳೆದದ್ದು. ವೈರು ಬಂದು ಸೇರುವ, ಎರಡು ತೋಳಿನ ಕಡ್ಡಿಗೆ ಡೈಪೋಲ್ ಎಂದು ಹೆಸರು. ತೆಳು ಕಡ್ಡಿಯ ಡೈಪೋಲ್ ಏಕತಾರಿಯ ತಂತಿ ಇದ್ದ ಹಾಗೆ. ಶ್ರುತಿ ಮಾಡಿದ ಸ್ವರದ ಆಸುಪಾಸಿನಲ್ಲಷ್ಟೇ ಚೆನ್ನಾಗಿ ಮಿಡಿಯುತ್ತದೆ.

ಅನೇಕ ಸ್ವರಗಳಿಗೆ ಒಟ್ಟಿಗೇ ಮಿಡಿಯುವ ಡೈಪೋಲ್ ಟಿವಿಗಿಂತ ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಆಲಿವರ್ ಲಾಡ್ಜ್ 1898ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಪಡೆದರು. ಅದರ ಚಿತ್ರಗಳಲ್ಲಿ ಕಡ್ಡಿಯ ಬದಲು ತುದಿಗೆ ತುದಿ ಎದುರಾದ ಎರಡು ಶಂಕುಗಳಿವೆ, ಎರಡು ತ್ರಿಕೋನ ತಗಡುಗಳೂ ಇವೆ. ನೋಡಿದರೆ ಬುಡಬುಡಿಕೆಯವರ ಕೈಯ ಡಮರುಗವೇ.

ಈ ಆಕಾರ ಯಾಕೆ? ವಿದ್ಯುತ್ತು ನಡುವಿನ ತುದಿಯಿಂದ ಹೊರಟು ಹರಡುತ್ತಾ ಹೋಗುತ್ತದೆ. ಚಿಕ್ಕ ಅಲೆಗೆ ತುದಿಯ ಹತ್ತಿರದ ಭಾಗವೇ ಸಾಕು, ದೊಡ್ಡ ಅಲೆಗೆ ಇಡೀ ತಗಡು ಬೇಕು. ಹಾಗಾಗಿ ಎರಡಕ್ಕೂ ಒಂದೇ ಆಂಟೆನಾ ಒದಗುತ್ತದೆ.

ತಮಾಷೆ ಇರುವುದು ಮುಂದೆ. ಆಗ ಸಂದೇಶ ಕಳಿಸುತ್ತಿದ್ದದ್ದು ವಿದ್ಯುತ್ ಕಿಡಿಯಿಂದ. ಕಿಡಿ ಹಾರಿದರೆ ಅಲೆಗಳು ಸಂತೆ ಗದ್ದಲದಂತೆ ಎಲ್ಲ ಕಡೆ ಹರಡುತ್ತಿದ್ದವು, ಇಬ್ಬರು ಒಟ್ಟಿಗೆ ಕಳಿಸಿದರೆ ಇಬ್ಬರದೂ ಕೆಡುತ್ತಿತ್ತು. ಅದಕ್ಕೆ ಮದ್ದಾಗಿ ಒಂದು ಸ್ವರಕ್ಕೆ ಶ್ರುತಿ ಕೂಡಿಸುವ ಉಪಾಯವನ್ನೂ ಲಾಡ್ಜ್ ಅದೇ ಪೇಟೆಂಟಿನಲ್ಲಿ ಬರೆದಿದ್ದರು. ಜಗತ್ತು ಹಿಡಿದದ್ದು ಆ ಉಪಾಯವನ್ನು. ಒಬ್ಬೊಬ್ಬರಿಗೂ ಒಂದೊಂದು ಕಿರಿದಾದ ಪಟ್ಟಿ ಎಂದು ಆಕಾಶವನ್ನು ಹೊಲದಂತೆ ಹಂಚಿಕೊಂಡ ಮೇಲೆ ತೆಳು ತಂತಿಯೇ ಸಾಕಾಯಿತು. ಅದು ತಪ್ಪು ಎನ್ನಲಾರೆವು. ಹಾಗೆ ಹಂಚದಿದ್ದರೆ ರೇಡಿಯೋ ಕೇಳುವುದೇ ಆಗುತ್ತಿರಲಿಲ್ಲ. ಆದರೆ ತಾವೇ ಬರೆದ ಡಮರುಗವನ್ನು ಲಾಡ್ಜ್ ತಾವೇ ಮೂಲೆಗೆ ಸರಿಸಿದಂತಾಯಿತು.

ನಡುವೆ 1952ರಲ್ಲಿ ಅಮೆರಿಕದಲ್ಲಿ ಟಿವಿಗೆ ಯುಎಚ್‌ಎಫ್ ಚಾನೆಲ್‌ಗಳು ಬಂದಾಗ ಅದಕ್ಕೆ ಸ್ವಲ್ಪ ಜೀವ ಬಂತು. ಶಂಕು ಒಳ್ಳೆಯದೇ, ಆದರೆ ಗಾತ್ರ ಜಾಸ್ತಿ. ಚಪ್ಪಟೆ ತ್ರಿಕೋನ ಅಷ್ಟು ಅಗಲದ ಪಟ್ಟಿ ಹಿಡಿಯದಿದ್ದರೂ ಅಗ್ಗ.

2002ರ ಫೆಬ್ರವರಿ 14ರಂದು ಅಮೆರಿಕದ ಸಂಪರ್ಕ ಆಯೋಗ 3.1ರಿಂದ 10.6 ಗಿಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ತೀರಾ ಸಣ್ಣ ಶಕ್ತಿಯಲ್ಲಿ ಒಟ್ಟಿಗೆ ಬಳಸಲು ಬಿಟ್ಟಿತು. ಇದೇ ಅಲ್ಟ್ರಾ ವೈಡ್‌ಬ್ಯಾಂಡ್. ಇಲ್ಲಿ ಕಳಿಸುವುದು ಕ್ಷಣದ ಮಿಡಿತ, ಒಂದು ರೀತಿಯಲ್ಲಿ ಹಳೆಯ ಕಿಡಿಯ ಮೊಮ್ಮಗ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ. ಮಿಡಿತ ಅಷ್ಟು ಚಿಕ್ಕದಾದರೆ ವಸ್ತು ಎಷ್ಟು ದೂರದಲ್ಲಿದೆ ಎಂದು ಗೇಣಿನ ಲೆಕ್ಕದಲ್ಲಿ ಅಳೆಯಬಹುದು.

ಆದರೆ ಎಲ್ಲ ಅಲೆಗಳನ್ನೂ ಕಳಿಸಿದರೆ ಸಾಲದು, ಎಲ್ಲವೂ ಒಟ್ಟಿಗೆ ಹೊರಡಬೇಕು. ಹಲವು ಕಡ್ಡಿ ಜೋಡಿಸಿದ ಕೆಲವು ಅಗಲ ಪಟ್ಟಿಯ ಆಂಟೆನಾಗಳಲ್ಲಿ ಒಂದೊಂದು ಅಲೆ ಒಂದೊಂದು ಕಡ್ಡಿಯಿಂದ, ಹಿಂದೆ ಮುಂದೆಯಾಗಿ ಹೊರಟು ಮಿಡಿತ ಚದುರಿಹೋಗುತ್ತದೆ. ಚಪ್ಪಟೆ ಡೈಪೋಲಿನಲ್ಲಿ ಆ ಕಾಟ ಕಡಿಮೆ. ತ್ರಿಕೋನದ ಚೂಪು ಮೂಲೆಗಳಿಗೆ ಬಡಿದು ವಿದ್ಯುತ್ತು ವಾಪಸ್ಸಾಗುತ್ತಿತ್ತು, ಅದಕ್ಕೆ ಎಂಜಿನಿಯರುಗಳು ಮೂಲೆ ಸವರಿ ಮೊಟ್ಟೆಯಾಕಾರದ ತೋಳುಗಳನ್ನೂ ಮಾಡಿ ನೋಡಿದರು. 3.1 ಗಿಗಾಹರ್ಟ್ಸ್ ಅಲೆಯ ಅರ್ಧ 5 ಸೆಂಟಿಮೀಟರಿಗೂ ಕಮ್ಮಿ. ಹೀಗಾಗಿ ಲಾಡ್ಜರ ಡಮರುಗವನ್ನು ಈಗ ಬೆಂಕಿಪೊಟ್ಟಣದಷ್ಟು ಹಲಗೆಯ ಮೇಲೆ ತಾಮ್ರದಲ್ಲಿ ಅಚ್ಚು ಹಾಕುತ್ತಾರೆ.

ಮೂಲ ಚಿತ್ರ ನೋಡಬೇಕಿದ್ದರೆ ಫೋನಿನಲ್ಲಿ ಅಮೆರಿಕದ ಪೇಟೆಂಟ್ ಸಂಖ್ಯೆ 609154 ಎಂದು ಹುಡುಕಿ.