ಉಪಗ್ರಹದ ಲೆಕ್ಕ ತಪ್ಪಿದ ಕಥೆ

ವೈ.ಎನ್.ಹೊಸಕೋಟೆ ಕಡೆ ಏಪ್ರಿಲ್ ಬಂದರೆ ಮಗ್ಗದ ಮನೆಯಲ್ಲೂ ಕೂರಲಾಗದ ಧಗೆ. ಹಿರಿಯರು ‘ಮೊದಲು ಹಿಂಗಿರಲಿಲ್ಲ’ ಅಂದರೆ, ‘ಸ್ಯಾಟಲೈಟ್ ಪ್ರಕಾರ ಭೂಮಿ ಬಿಸಿಯೇ ಆಗಿಲ್ಲ’ ಎಂಬ ಹಳೇ ಮಾತು ಫೋನಿನಲ್ಲಿ ಎದುರು ನಿಲ್ಲುತ್ತದೆ. ಆ ಮಾತು ಹುಟ್ಟಿದ್ದೆಲ್ಲಿ ಅಂತ ನಾವು ಹುಡುಕಿದೆವು.

1978ರ ಕೊನೆಯಲ್ಲಿ ಅಮೆರಿಕ ಹಾರಿಸಿದ ಟೈರೋಸ್-ಎನ್ ಉಪಗ್ರಹದಿಂದ ಈ ದಾಖಲೆ ಶುರು. ಅದು ನೆಲದ ಬಿಸಿ ಅಳೆಯುವುದಿಲ್ಲ. ಆಮ್ಲಜನಕ ಸೂಸುವ ಮೈಕ್ರೋವೇವ್ ಹಿಡಿದು, ಹಲವು ಕಿಲೋಮೀಟರ್ ದಪ್ಪದ ಗಾಳಿಯ ತಾಪ ಲೆಕ್ಕ ಹಾಕುತ್ತದೆ. 1990ರಲ್ಲಿ ರಾಯ್ ಸ್ಪೆನ್ಸರ್, ಜಾನ್ ಕ್ರಿಸ್ಟಿ ಪ್ರಕಟಿಸಿದ ಮೊದಲ ಹತ್ತು ವರ್ಷದ ಲೆಕ್ಕದಲ್ಲಿ ಏರಿಕೆ ಕಾಣಲಿಲ್ಲ.

1998ರಲ್ಲಿ ಫ್ರಾಂಕ್ ವೆಂಟ್ಜ್ ಮತ್ತು ಜೊತೆಗಾರರು ತಪ್ಪು ಹಿಡಿದರು. ಉಪಗ್ರಹಗಳು ತುಸು ತುಸುವೇ ಕೆಳಗಿಳಿಯುತ್ತಿದ್ದವು. ಇಲ್ಲದ ತಂಪು ಲೆಕ್ಕಕ್ಕೆ ಸೇರುತ್ತಿತ್ತು. 2005ರಲ್ಲಿ ಇನ್ನೊಂದು ಸಿಕ್ಕಿತು. ಉಪಗ್ರಹ ಹಾದುಹೋಗುವ ಹೊತ್ತೇ ಜಾರುತ್ತಿತ್ತು, ಮಧ್ಯಾಹ್ನದ ಬಿಸಿಲನ್ನು ಸಂಜೆ ನೋಡಿದ ಹಾಗೆ. ಅದನ್ನು ಸರಿಪಡಿಸುವಾಗ ಕೂಡುವ ಕಡೆ ಕಳೆದುಬಿಟ್ಟಿದ್ದರು! ಕ್ರಿಸ್ಟಿ ತಪ್ಪು ಒಪ್ಪಿ ತಿದ್ದಿಕೊಂಡರು, ಅದು ದೊಡ್ಡತನವೇ. ಈಗ ಅವರ ಲೆಕ್ಕವೂ ಏರಿಕೆಯನ್ನೇ ತೋರಿಸುತ್ತದೆ.

ಫಾರ್ವರ್ಡ್ ಮಾತ್ರ ಹಳೆಯದೇ ಓಡಾಡುತ್ತಿದೆ. ನಮ್ಮ ಶೇಂಗಾ ಒಣಗುವುದು ಹಲವು ಕಿಲೋಮೀಟರ್ ಮೇಲಲ್ಲ, ನೆಲದಲ್ಲಿ. ಅಲ್ಲಿನ ಗಾಳಿಯ ಬಿಸಿ ಅಳೆಯಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿಗಳಲ್ಲಿ ಯಂತ್ರ ಹಾಕಿದೆ. ಮುಂದಿನ ಸಲ ವಾದ ಬಂದರೆ ಆ ಅಂಕಿ ಕೇಳಿ.