ಕೈಯಿಂದ ಕೈಗೆ ಬಂದ ವಿದ್ಯೆ

ಒಬ್ಬ ಹುಡುಗ ಆಡಿನ ಚರ್ಮ ಸುಲಿಯುತ್ತಿದ್ದ. ಕೆಲಸ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಆ ದಾರಿಯಾಗಿ ಬಂದ ಪ್ರವಾದಿವರ್ಯರು(ಸ) ಅವನನ್ನು ಬದಿಗೆ ಸರಿಯಲು ಹೇಳಿ, ತಾವೇ ಮಾಡಿ ತೋರಿಸಿದರು. ಚರ್ಮ ಮತ್ತು ಮಾಂಸದ ನಡುವೆ ತೂರಿಸಿದ ಅವರ ಕೈ ಕಂಕುಳವರೆಗೂ ಒಳಹೋಯಿತು. ಬಳಿಕ ಅವರು ಹೋಗಿ, ಹೊಸದಾಗಿ ವುಝೂ ಮಾಡದೆಯೇ ಜನರಿಗೆ ನಮಾಝ್ ನಿರ್ವಹಿಸಿದರು. ಅಬೂಸಈದುಲ್ ಖುದ್ರಿ(ರ) ವರದಿ ಮಾಡಿದ ಈ ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ನಾವು ಇದನ್ನು ವುಝೂವಿನ ಪಾಠವಾಗಿ ಓದುತ್ತೇವೆ. ಆದರೆ ಕಸುಬೊಂದನ್ನು ಕೈಯಾರೆ ಕಲಿಸಿದ ಚರಿತ್ರೆಯೂ ಇದರಲ್ಲಿದೆ.

ಇಂದಿಗೂ ಪಳಗಿದ ಕಟುಕರು ಹೀಗೆಯೇ ಮಾಡುತ್ತಾರೆ. ಚರ್ಮವನ್ನು ಬಿಡಿಸಲು ಆರಂಭಿಸುವಲ್ಲಿ ಮಾತ್ರ ಕತ್ತಿ. ಆಮೇಲೆ ಮುಷ್ಟಿಯಿಂದ ಒತ್ತುತ್ತಾ ಹೋಗುತ್ತಾರೆ. ಚರ್ಮ ಹರಿಯುವುದಿಲ್ಲ, ಮಾಂಸ ಹಾಳಾಗುವುದಿಲ್ಲ.

ಝಬಹ್‌ಗೂ ಇಂಥದೇ ಕೌಶಲ ಬೇಕು. ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ಕೊಡಬೇಕೆಂಬ ಆದೇಶವನ್ನು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದು, ಅದು ಸಹೀಹ್ ಮುಸ್ಲಿಮ್‌ನಲ್ಲಿದೆ. ಶಾಫಿಈ ಮದ್‌ಹಬ್‌ನಂತೆ ಶ್ವಾಸನಾಳ ಮತ್ತು ಅನ್ನನಾಳ ಎರಡನ್ನೂ ಪೂರ್ತಿ ಕತ್ತರಿಸಬೇಕು. ಇಕ್ಕೆಲದ ರಕ್ತನಾಳಗಳನ್ನೂ ಕತ್ತರಿಸುವುದು ಸುನ್ನತ್. ಈ ಜ್ಞಾನ ಗಂಡಸರಿಗಷ್ಟೇ ಮೀಸಲಾಗಿರಲಿಲ್ಲ. ಸಾಯುವ ಸ್ಥಿತಿಯಲ್ಲಿದ್ದ ಆಡನ್ನು ಕುರಿಗಾಹಿ ಹೆಣ್ಣುಮಗಳೊಬ್ಬಳು ಚೂಪು ಕಲ್ಲಿನಿಂದ ಝಬಹ್ ಮಾಡಿದಾಗ ಪ್ರವಾದಿವರ್ಯರು(ಸ) ಆ ಮಾಂಸವನ್ನು ತಿನ್ನಲು ಅನುಮತಿಸಿದ್ದು ಬುಖಾರಿಯಲ್ಲಿದೆ.

ಮುಂದೆ ಮುಸ್ಲಿಮ್ ನಗರಗಳಲ್ಲಿ ಪೇಟೆಯ ಮೇಲ್ವಿಚಾರಕನಾದ ಮುಹ್ತಸಿಬ್ ಕಟುಕರ ಕೆಲಸವನ್ನೂ ಪರಿಶೀಲಿಸುತ್ತಿದ್ದ. 12ನೇ ಶತಮಾನದಲ್ಲಿ ಶೈಝರೀ ಬರೆದ ಕೈಪಿಡಿಯಲ್ಲಿ ಕಟುಕರಿಗೆ ಪ್ರತ್ಯೇಕ ಅಧ್ಯಾಯವಿದೆ: ಪ್ರಾಣಿಯ ಕಾಲು ಹಿಡಿದು ಎಳೆಯಬಾರದು, ಮೊಂಡು ಕತ್ತಿ ಬಳಸಬಾರದು, ಜೀವ ಹೋಗುವ ಮುನ್ನ ಚರ್ಮ ಸುಲಿಯಬಾರದು.

ನಮ್ಮ ಕರಾವಳಿಗೂ ಈ ಪರಂಪರೆ ಬಹಳ ಹಿಂದೆಯೇ ಬಂದಿರಬೇಕು. ಕೊಕ್ಕರ್ಣೆ ಇರುವ ಬ್ರಹ್ಮಾವರ ತಾಲೂಕಿನದೇ ಬಾರ್ಕೂರಿಗೆ ಇಬ್ನ್ ಬತೂತಾ 1342-43ರ ಸುಮಾರಿಗೆ ಬಂದಿದ್ದರು. ಅವರು ಅದನ್ನು 'ಫಾಕನೂರ್' ಎಂದು ಕರೆದು, ಅಲ್ಲಿ ಮುಸ್ಲಿಮರು, ಖಾಝಿ, ಖತೀಬ್ ಹಾಗೂ ಜುಮಾ ಮಸೀದಿ ಇದ್ದುದನ್ನು ದಾಖಲಿಸಿದ್ದಾರೆ. ಜುಮಾ ಇದ್ದಲ್ಲಿ ಈದ್ ಇರುತ್ತದೆ, ಈದ್ ಇದ್ದಲ್ಲಿ ಕುರ್ಬಾನಿ ಇರುತ್ತದೆ. ಕತ್ತಿ ಹಿಡಿಯಬಲ್ಲ ಕೈಗಳೂ ಅಲ್ಲಿ ಇದ್ದೇ ಇದ್ದವು.

ಇಂದು ನಮ್ಮ ಎಷ್ಟೋ ಜಮಾಅತ್‌ಗಳಲ್ಲಿ ಬಕ್ರೀದ್ ದಿನ ಒಬ್ಬಿಬ್ಬರು ಹಿರಿಯರಿಗಾಗಿ ಸಾಲುಗಟ್ಟಿ ಕಾಯಬೇಕಾಗಿದೆ. ಅವರ ಕೈ ನಡುಗತೊಡಗಿದರೆ, ಕಲಿಯದ ಕೈ ಕತ್ತಿ ಎತ್ತಿಕೊಳ್ಳುತ್ತದೆ. ಆ ತಪ್ಪಿನ ನೋವನ್ನು ಉಣ್ಣುವುದು ಮೂಕಪ್ರಾಣಿ. ಪುಸ್ತಕ ಓದಿ, ವೀಡಿಯೊ ನೋಡಿ ಈ ವಿದ್ಯೆ ಬರುವುದಿಲ್ಲ. ಮೊದಲು ಆಡಿನ ಕಾಲು ಹಿಡಿಯಬೇಕು, ಮತ್ತೆ ಚರ್ಮ ಬಿಡಿಸಬೇಕು, ಮಾಂಸ ಕೊಯ್ಯಬೇಕು. ಕೊನೆಗೆ, ಹಿರಿಯರ ಎದುರಲ್ಲೇ ಕತ್ತಿ ಹಿಡಿಯಬೇಕು. ಮುಂದಿನ ಬಕ್ರೀದ್‌ಗೆ ಮುನ್ನ ಪ್ರತಿ ಮೊಹಲ್ಲಾದಿಂದ ಇಬ್ಬರು ಯುವಕರಾದರೂ ಅನುಭವಿಗಳ ಪಕ್ಕ ನಿಂತು ಕಲಿಯಲಿ. ಕಲಿಸುವುದು ಸುನ್ನತ್ ಎಂಬುದನ್ನು ಹಿರಿಯರೂ ಮರೆಯದಿರಲಿ.